ನಾನು ಸಿಂಹವಂತೆ: ಮನುಷ್ಯರ ಸ್ವಭಾವಕ್ಕೆ ನಮ್ಮ ಕಾಡಿನ ಬೇಟೆಪ್ರಾಣಿಗಳನ್ನು ಹೊಂದಿಸಬಹುದೇ?

ಹೊಸನಗರದ ಗುಮಾಸ್ತ

ಕಳೆದ ವಾರ ನಮ್ಮ ಕಚೇರಿಯ ಹನ್ನೆರಡು ಮಂದಿಯನ್ನು ಶಿವಮೊಗ್ಗಕ್ಕೆ ಕರೆಸಿ ಒಂದು ದಿನದ ವ್ಯಕ್ತಿತ್ವ ವಿಕಸನ ತರಬೇತಿ ಕೊಟ್ಟರು. ಊಟಕ್ಕೆ ಮೊದಲು ಇಪ್ಪತ್ತು ಪ್ರಶ್ನೆಗಳ ಹಾಳೆಯೊಂದನ್ನು ಹಂಚಿ, ನಾವು ಹಾಕಿದ ಗುರುತುಗಳನ್ನು ಕೂಡಿಸಿ, ಒಬ್ಬೊಬ್ಬರೂ ಸಿಂಹವೋ ಹುಲಿಯೋ ತೋಳವೋ ಹದ್ದೋ ಎಂದು ತಿಳಿಸಿದರು. ನನ್ನ ಪಾಲಿಗೆ ಸಿಂಹ ಬಂದಿತು. ಇಪ್ಪತ್ತಮೂರು ವರ್ಷಗಳಿಂದ ಅಡಿಕೆ ಮೂಟೆಗಳ ಲೆಕ್ಕ ಬರೆಯುತ್ತಿರುವ, ಮೇಲಿನವರು ಕರೆದರೆ ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಎದ್ದು ಓಡುವ ನಾನು ಸಿಂಹ! ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ, ಹಾಗಿದ್ದರೆ ಬರುವ ದಾರಿಯಲ್ಲಿ ತ್ಯಾವರೆಕೊಪ್ಪದ ಸಫಾರಿಯಲ್ಲೇ ಇಳಿದುಕೊಳ್ಳಬಹುದಿತ್ತಲ್ಲ ಎಂದಳು.

ಆ ಹಾಳೆಯಲ್ಲಿ ಸಿಂಹದ ಮುಂದೆ ನಾಯಕತ್ವ, ಧೈರ್ಯ, ಔದಾರ್ಯ ಎಂದು ಅಚ್ಚಾಗಿತ್ತು. ಸಿಂಹಗಳ ಗುಂಪಿನಲ್ಲಿ ಬೇಟೆಯ ಹೆಚ್ಚಿನ ಪಾಲು ಹೆಣ್ಣುಗಳ ದುಡಿಮೆ. ಹೊಸದಾಗಿ ಗುಂಪನ್ನು ವಶಪಡಿಸಿಕೊಂಡ ಗಂಡು ಹಿಂದಿನ ಗಂಡಿನ ಮರಿಗಳನ್ನು ಕೊಲ್ಲುವುದುಂಟು. ಇದರಲ್ಲಿ ಔದಾರ್ಯ ಎಲ್ಲಿ ಬಂತೆಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಊಟದ ಗಂಟೆಯಾಯಿತು. ಗುಜರಾತಿನ ಗಿರ್ ಕಾಡು ಮತ್ತು ಅದರ ಸುತ್ತಲಿನ ಸೌರಾಷ್ಟ್ರವನ್ನು ಬಿಟ್ಟರೆ ನಮ್ಮ ದೇಶದಲ್ಲಿ ಇನ್ನೆಲ್ಲೂ ಸಹಜವಾಗಿ ನೆಲೆಸಿರದ ಪ್ರಾಣಿಯನ್ನು ಮಲೆನಾಡಿನವರ ಹಣೆಗೆ ಹಚ್ಚುವ ಅಗತ್ಯವಾದರೂ ಏನು? ನಮ್ಮ ಬೇಲಿಯ ಆಚೆಗೇ ಹುಲಿ, ಚಿರತೆ, ಸೀಳುನಾಯಿ, ಕಾಳಿಂಗ ಎಲ್ಲವೂ ಇವೆ.

ಆದ್ದರಿಂದ ಇಲ್ಲಿನವರನ್ನು ಕೇಳುತ್ತೇನೆ. ನೀವು ಹತ್ತಿರದಿಂದ ಬಲ್ಲ ಒಬ್ಬ ಮನುಷ್ಯನ ಸ್ವಭಾವವನ್ನು ಹೇಳಿ, ಅದಕ್ಕೆ ಹೊಂದುವ ಬೇಟೆಪ್ರಾಣಿಯನ್ನು ಹೆಸರಿಸಿ. ಷರತ್ತು ಒಂದೇ: ಪ್ರಾಣಿ ನಿಜವಾಗಿ ಮಾಡುವ ಕೆಲಸವನ್ನು ಆಧಾರವಾಗಿ ಕೊಡಬೇಕು, ಅದರ ಮೀಸೆಯನ್ನಲ್ಲ.

ಲಕ್ಕವಳ್ಳಿ ವಾಚರ್

ಭದ್ರಾ ಕಾಡಿನಲ್ಲಿ ಮೂವತ್ತು ವರ್ಷ ವಾಚರ್ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. 1998ರಲ್ಲಿ ಅದು ಹುಲಿ ಯೋಜನೆಗೆ ಸೇರುವ ಮೊದಲೂ ಅಲ್ಲಿದ್ದೆ, ಆಮೇಲೂ ಇದ್ದೆ. ನಿಮ್ಮ ಹಾಳೆಯಲ್ಲಿ ಹುಲಿಯ ಮುಂದೆ ಪರಾಕ್ರಮ ಎಂದೇ ಬರೆದಿರಬೇಕು. ನನ್ನನ್ನು ಕೇಳಿದರೆ, ಹುಲಿಯಷ್ಟು ಹಿಂದೆಮುಂದೆ ನೋಡುವ ಪ್ರಾಣಿಯನ್ನು ನಾನು ಕಂಡಿಲ್ಲ.

ಒಂದು ಬೇಸಿಗೆಯ ಸಂಜೆ ಹಿನ್ನೀರಿನ ಅಂಚಿನ ಹುಲ್ಲಿನಲ್ಲಿ ಏಳೆಂಟು ಕಾಟಿಗಳು, ಅಂದರೆ ಕಾಡುಕೋಣಗಳು, ಮೇಯುತ್ತಿದ್ದವು. ನಾವಿಬ್ಬರು ಮರದ ಮೇಲೆ ಕುಳಿತಿದ್ದೆವು. ನಮ್ಮ ಎಡಕ್ಕೆ ಲಂಟಾನದ ಪೊದೆಯ ಬುಡದಲ್ಲಿ ಮೊದಲು ಎರಡು ಬಿಳಿ ಚುಕ್ಕೆಗಳು ಕಂಡವು. ಅವು ಕಿವಿಯ ಹಿಂಭಾಗದ ಚುಕ್ಕೆಗಳೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು, ಆಮೇಲೆ ಹುಲಿ ಕಂಡಿತು. ಒಂದೂವರೆ ಗಂಟೆ ಅದು ಮಲಗಿದಲ್ಲಿಂದ ಅಲುಗಲಿಲ್ಲ. ಕೊನೆಗೆ ಕರುವೊಂದು ಗುಂಪಿನಿಂದ ಹತ್ತು ಮಾರು ದೂರ ಬಂದಾಗ ಹುಲಿಯ ಹಿಂಗಾಲುಗಳು ಮೆಲ್ಲಗೆ ಹೊಟ್ಟೆಯ ಕೆಳಗೆ ಸೇರಿದವು, ಬಾಲದ ತುದಿ ಒಮ್ಮೆ ಹೊರಳಿತು. ಅಷ್ಟರಲ್ಲಿ ದೊಡ್ಡ ಹೆಣ್ಣು ಕಾಟಿಯೊಂದು ತಲೆಯೆತ್ತಿ ಆ ಪೊದೆಯ ಕಡೆ ನೋಡಿ ಬುಸುಗುಟ್ಟಿತು. ಹುಲಿ ಎದ್ದು, ಬೆನ್ನು ತಿರುಗಿಸಿ, ಬಂದ ದಾರಿಯಲ್ಲೇ ಹೊರಟುಹೋಯಿತು. ನನ್ನ ಜೊತೆಗಿದ್ದ ಹೊಸ ಹುಡುಗ, ಇಷ್ಟೇನಾ ಎಂದ.

ಇಷ್ಟೇ. ಹತ್ತಾರು ಪ್ರಯತ್ನಗಳಲ್ಲಿ ಒಂದು ಕೈಗೂಡಿದರೆ ಹುಲಿಯ ಹೊಟ್ಟೆ ತುಂಬುತ್ತದೆ. ಅದು ಒಂಟಿಯಾಗಿ ಬದುಕುವ ಪ್ರಾಣಿ. ಕಾಟಿಯ ಕೊಂಬು ಒಮ್ಮೆ ಪಕ್ಕೆಗೆ ತಾಗಿದರೆ ಗಾಯ ಮಾಗುವವರೆಗೆ ತಂದು ಹಾಕುವವರು ಯಾರೂ ಇಲ್ಲ. ಹಾಗಾಗಿ ಅದು ಪ್ರತಿ ಸಲವೂ ಲೆಕ್ಕ ಹಾಕುತ್ತದೆ, ಲೆಕ್ಕ ತಪ್ಪುವಂತೆ ಕಂಡರೆ ಎದ್ದು ಹೋಗುತ್ತದೆ, ಹೋಗುವಾಗ ನಾಚಿಕೊಳ್ಳುವುದಿಲ್ಲ. ಹಸಿದರೂ ಹುಲಿ ಹುಲ್ಲು ತಿನ್ನದು ಎಂಬ ಗಾದೆಯನ್ನು ನಾನೂ ಕೇಳಿಕೊಂಡೇ ಬೆಳೆದವನು. ಕೆಲಸಕ್ಕೆ ಸೇರಿದ ಮೇಲೆ ಹುಲಿಯ ಮಲದಲ್ಲಿ ಹುಲ್ಲಿನ ಎಳೆಗಳನ್ನು ಎಷ್ಟೋ ಸಲ ನೋಡಿದ್ದೇನೆ.

ನಾನು ಬಲ್ಲವರಲ್ಲಿ ಹುಲಿಯ ಸ್ವಭಾವದವರು ನಮ್ಮ ದೊಡ್ಡಪ್ಪ. ಒಂದು ಜೊತೆ ಎತ್ತು ಕೊಳ್ಳಲು ಹೋಗಿ ಸತತ ಮೂರು ಸಂತೆಯಿಂದ ಬರಿಗೈಯಲ್ಲಿ ಮರಳಿದ್ದರು. ಊರೆಲ್ಲ ನಕ್ಕಿತ್ತು. ನಾಲ್ಕನೆಯ ಸಂತೆಯಲ್ಲಿ ತಂದ ಜೋಡಿ ಹದಿನಾಲ್ಕು ವರ್ಷ ಉಳುಮೆ ಮಾಡಿತು.

ಸಾಗರದ ಸೊಸೆ

ನಮ್ಮ ಕಡೆ ಹುಲಿಯೆಂದರೆ ಯಾವ ಹುಲಿ ಎಂದು ಮರುಪ್ರಶ್ನೆ ಬರುತ್ತದೆ. ಚಿರತೆಯನ್ನೂ ಹುಲಿಯೆಂದೇ ಕರೆಯುವ ರೂಢಿ ಇರುವುದರಿಂದ ನಿಜವಾದ ಹುಲಿಗೆ ಪಟ್ಟೆಹುಲಿ ಎಂದು ಬಿಡಿಸಿ ಹೇಳಬೇಕಾಗುತ್ತದೆ. ನನ್ನ ಮಾತು ಚಿರತೆಯದು.

ನಾಲ್ಕು ವರ್ಷದ ಹಿಂದೆ ಮಳೆಗಾಲದ ಒಂದು ರಾತ್ರಿ ನಮ್ಮ ಜಗಲಿಯ ಕಂಬಕ್ಕೆ ಕಟ್ಟಿದ್ದ ನಾಯಿ ಹೋಯಿತು. ನಾವು ಐದು ಜನ ಒಳಗೆ ಮಲಗಿದ್ದೆವು, ಯಾರಿಗೂ ಒಂದು ಸದ್ದು ಕೇಳಿಸಲಿಲ್ಲ. ಬೆಳಿಗ್ಗೆ ನೋಡಿದರೆ ಸರಪಳಿಯ ಕೊನೆಯಲ್ಲಿ ಬೆಲ್ಟು ಹಾಕಿದ ಹಾಗೇ ಇತ್ತು, ಅದರ ಗುಂಡಿಯೂ ಬಿಚ್ಚಿರಲಿಲ್ಲ. ಅಂಗಳದ ಕೆಸರಿನಲ್ಲಿ ಒಂದೇ ಒಂದು ಹೆಜ್ಜೆಯ ಗುರುತಿತ್ತು, ಅದೂ ತುಳಸಿಕಟ್ಟೆಯ ಪಕ್ಕದಲ್ಲಿ. ಆ ಚಿರತೆ ನಮ್ಮ ಸೊಪ್ಪಿನಬೆಟ್ಟದಲ್ಲಿ ಎಷ್ಟು ತಿಂಗಳಿಂದ ಇತ್ತೋ ನಮಗೆ ಗೊತ್ತಿಲ್ಲ, ಆದರೆ ನಮ್ಮ ಮನೆಯವರು ಎಷ್ಟು ಹೊತ್ತಿಗೆ ದೀಪ ಆರಿಸುತ್ತಾರೆ ಎಂಬುದು ಅದಕ್ಕೆ ಖಂಡಿತ ಗೊತ್ತಿತ್ತು.

ಮಹಾರಾಷ್ಟ್ರದ ಅಕೋಲೆಯ ಸುತ್ತಿನ ಹೊಲಗಳಲ್ಲಿ, ಕಾಡೇ ಇಲ್ಲದ ಕಡೆ, ವಿದ್ಯಾ ಆತ್ರೇಯ ಅವರ ತಂಡ ಅಧ್ಯಯನ ಮಾಡಿದಾಗ 100 ಚದರ ಕಿಲೋಮೀಟರಿಗೆ ಸುಮಾರು 5 ಚಿರತೆಗಳು ಇರುವುದು ಕಂಡುಬಂತು, ಅವುಗಳ ಆಹಾರದಲ್ಲಿ ಊರುನಾಯಿಯದೇ ಎಲ್ಲಕ್ಕಿಂತ ದೊಡ್ಡ ಪಾಲು. ಇದನ್ನು ಓದಿದ ದಿನ ನನಗೆ ನನ್ನ ಮೈದುನನ ನೆನಪಾಯಿತು. ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋದವನು ಮೊದಲ ವರ್ಷ ಯಾರದೋ ಕೋಣೆಯಲ್ಲಿ ಮೂರನೆಯವನಾಗಿ ಇದ್ದ, ಸಿಕ್ಕಿದ್ದನ್ನು ತಿಂದ, ಸಿಕ್ಕ ಕೆಲಸ ಹಿಡಿದ, ಯಾರ ಕಣ್ಣಿಗೂ ಬೀಳದೆ ಅಲ್ಲೇ ಬೇರುಬಿಟ್ಟ. ಮೂವತ್ತು ಎಕರೆ ಇಲ್ಲದೆ ಬದುಕು ಸಾಗದು ಎನ್ನುವ ಹುಲಿಯ ಜಾತಿಯವರು ನಮ್ಮ ಮನೆಯಲ್ಲಿ ಬೇರೆ ಇದ್ದಾರೆ, ಅವರ ಹೆಸರು ಬರೆದರೆ ಈ ಮನೆಯಲ್ಲಿ ನನಗೆ ಉಳಿಗಾಲವಿಲ್ಲ.

ಮನಶ್ಶಾಸ್ತ್ರದ ವಿದ್ಯಾರ್ಥಿನಿ

ಚರ್ಚೆ ಚೆನ್ನಾಗಿದೆ, ಆದರೂ ಗುಮಾಸ್ತರ ಹಾಳೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ನಾನು ಓದಿದ್ದು ವ್ಯರ್ಥ. ಅಮೆರಿಕದ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ನಂತರ ಒಬ್ಬೊಬ್ಬರಿಗೂ ಅವರವರ ಸ್ವಭಾವದ ವರ್ಣನೆ ಎಂದು ಒಂದು ಚೀಟಿ ಕೊಟ್ಟ. ಅದು ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಕೊಡಲು ಹೇಳಿದಾಗ ಬಂದ ಸರಾಸರಿ 4.26. ಆಮೇಲೆ ತಿಳಿದದ್ದೇನೆಂದರೆ, ಎಲ್ಲರಿಗೂ ಕೊಟ್ಟದ್ದು ಒಂದೇ ಚೀಟಿ. ಅದರ ವಾಕ್ಯಗಳನ್ನು ಅಂಗಡಿಯಲ್ಲಿ ಮಾರುವ ಜ್ಯೋತಿಷದ ಪುಸ್ತಕದಿಂದ ಆಯ್ದುಕೊಳ್ಳಲಾಗಿತ್ತು. 1949ರಲ್ಲಿ ಪ್ರಕಟವಾದ ಪ್ರಯೋಗ ಇದು. ನೀವು ಹೊರಗೆ ಧೈರ್ಯವಂತರಂತೆ ಕಂಡರೂ ಒಳಗೆ ಕೆಲವೊಮ್ಮೆ ಅಳುಕುತ್ತೀರಿ ಎಂದರೆ ಒಪ್ಪದವರು ಯಾರಿದ್ದಾರೆ? ಸಿಂಹದ ಚಿತ್ರ ಹಾಕಿ ಹೇಳಿದರೆ ಇನ್ನೂ ಬೇಗ ಒಪ್ಪುತ್ತಾರೆ.

ಗುಮಾಸ್ತರ ಅನುಭವ ಇದಕ್ಕೆ ಅಪವಾದ ಎಂಬುದನ್ನು ಗಮನಿಸಿದ್ದೇನೆ. ಅವರು ಒಪ್ಪಲಿಲ್ಲ, ಏಕೆಂದರೆ ಅವರಿಗೆ ಸಿಂಹದ ಬಗ್ಗೆ ನಿಜವಾದ ನಾಲ್ಕು ಸಂಗತಿ ಗೊತ್ತಿತ್ತು.

ಹೊಸನಗರದ ಗುಮಾಸ್ತ

ಹೊಗಳಿಕೆಗೆ ಕೃತಜ್ಞತೆ, ಆದರೆ ನಿಜ ಹೇಳುತ್ತೇನೆ. ಹಾಳೆ ಕೈಗೆ ಬಂದ ಮೊದಲ ಐದು ನಿಮಿಷ ನಾನೂ ಎದೆ ಸೆಟೆಸಿ ಕುಳಿತಿದ್ದೆ. ನನ್ನ ಪಕ್ಕದಲ್ಲಿದ್ದ ಅಟೆಂಡರಿಗೂ ಸಿಂಹವೇ ಬಂದದ್ದನ್ನು ನೋಡಿದ ಮೇಲೆ ಅನುಮಾನ ಶುರುವಾಯಿತು.

ತೀರ್ಥಹಳ್ಳಿ ಮೇಷ್ಟ್ರು

ಯಾರೂ ಎತ್ತದ ಪ್ರಾಣಿಯನ್ನು ನಾನು ಎತ್ತುತ್ತೇನೆ. ಸೀಳುನಾಯಿ ಎಂಬುದು ನಮ್ಮಲ್ಲಿ ಬೈಗುಳ. ಹತ್ತು ಜನ ಸೇರಿ ಒಬ್ಬನ ಮೇಲೆ ಬಿದ್ದರೆ ಸೀಳುನಾಯಿಗಳ ಹಾಗೆ ಬಿದ್ದರು ಎನ್ನುತ್ತೇವೆ. ಬ್ರಿಟಿಷರ ಕಾಲದಲ್ಲಿ ಇವನ್ನು ಕೊಂದವರಿಗೆ ಸರಕಾರವೇ ಇನಾಮು ಕೊಡುತ್ತಿತ್ತು. ಈಗ ಇದು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ, ಆದರೂ ಹುಲಿಗೆ ಮರುಗುವವರು ಇದಕ್ಕೆ ಮರುಗುವುದಿಲ್ಲ.

ನಿವೃತ್ತನಾದ ಮೇಲೆ ಬೆಳಗಿನ ತಿರುಗಾಟದಲ್ಲಿ ಒಮ್ಮೆ ನಮ್ಮ ಕಾನಿನ ಅಂಚಿನಲ್ಲಿ ಇವನ್ನು ಇಪ್ಪತ್ತು ನಿಮಿಷ ನೋಡುವ ಭಾಗ್ಯ ಸಿಕ್ಕಿತು. ಕೆಳಗಿನ ಹಳ್ಳದಲ್ಲಿ ಕಡವೆಯೊಂದನ್ನು ಕೆಡವಿದ್ದವು. ಕೆಂಪು ಮೈ, ಕರಿ ಬಾಲ, ನಮ್ಮ ಊರುನಾಯಿಗಿಂತ ಹೆಚ್ಚೇನೂ ದೊಡ್ಡದಲ್ಲ. ತೂಕ 15 ಕಿಲೋ ಆಸುಪಾಸು ಇರಬಹುದು. ದೊಡ್ಡವು ಏಳು ಇದ್ದವು, ಮರಿಗಳು ನಾಲ್ಕು. ಎರಡು ದೊಡ್ಡವು ಸ್ವಲ್ಪ ತಿಂದು ಹಿಂದೆ ಸರಿದು ಎರಡು ದಿಕ್ಕಿಗೆ ಮುಖ ಮಾಡಿ ನಿಂತವು, ಮರಿಗಳು ಮುಂದೆ ಬಂದವು. ಒಂದು ಮರಿ ಹಿರಿಯದೊಂದರ ಮೂತಿಯ ಅಡಿಗೆ ನುಗ್ಗಿ ಅದು ಕಚ್ಚಿ ಹಿಡಿದಿದ್ದ ತುಂಡನ್ನೇ ಎಳೆಯಿತು, ಹಿರಿಯದು ಬಿಟ್ಟುಕೊಟ್ಟಿತು. ಗುರುಗುಟ್ಟಿದ್ದನ್ನು ನಾನು ಕೇಳಲಿಲ್ಲ, ಕೇಳಿದ್ದು ಪೊದೆಯ ಆಚೆಯಿಂದ ಬಂದ ಶಿಳ್ಳೆ. ಇವು ಬೊಗಳುವುದಕ್ಕಿಂತ ಹೆಚ್ಚಾಗಿ ಶಿಳ್ಳೆ ಹಾಕಿ ಒಂದನ್ನೊಂದು ಸೇರುತ್ತವೆ.

1970ರ ದಶಕದಲ್ಲಿ ಬಂಡೀಪುರದಲ್ಲಿ ಇವನ್ನು ಹಿಂಬಾಲಿಸಿ ಅಧ್ಯಯನ ಮಾಡಿದ ಎ.ಜೆ.ಟಿ. ಜಾನ್‌ಸಿಂಗ್ ಅವರ ಬರಹಗಳನ್ನು ಓದಿದವರಿಗೆ ಇದು ಹೊಸದಲ್ಲ. ಬೇಟೆಗೆ ಹೋದವು ಹೊಟ್ಟೆಯಲ್ಲಿ ತುಂಬಿಕೊಂಡು ಬಂದ ಮಾಂಸವನ್ನು ಗುಹೆಯ ಬಳಿ ಮರಿಗಳಿಗೂ, ಮರಿ ಕಾಯಲು ಉಳಿದವಕ್ಕೂ ಕಕ್ಕಿ ಕೊಡುತ್ತವೆ. ಹಿಂಡಿನಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಒಂದೇ ಹೆಣ್ಣು, ಸಾಕುವುದು ಎಲ್ಲವೂ.

ನಮ್ಮ ಬಾಲ್ಯದ ಮುಯ್ಯಾಳು ಪದ್ಧತಿಯನ್ನು ಕಂಡವರಿಗೆ ಇದರ ಹೋಲಿಕೆ ಹೇಳಬೇಕಾಗಿಲ್ಲ. ಇವತ್ತು ಇವರ ಗದ್ದೆಯಲ್ಲಿ ನಟ್ಟಿ, ನಾಳೆ ಅವರ ಗದ್ದೆಯಲ್ಲಿ. ಬಾಣಂತಿ ಇರುವ ಮನೆಯಿಂದ ಆಳು ಬರದಿದ್ದರೂ ಆ ಮನೆಯ ಗದ್ದೆ ಬೀಳು ಬೀಳುತ್ತಿರಲಿಲ್ಲ. ನಮ್ಮಮ್ಮ ಅಂಥ ನಟ್ಟಿಯ ಗುಂಪಿನ ಮುಂದಾಳು. ಅವರಿಗೆ ಸಿಂಹಿಣಿ ಎಂಬ ಬಿರುದು ಕೊಟ್ಟಿದ್ದರೆ ಕಂಬಳಿಕೊಪ್ಪೆ ಸರಿಪಡಿಸಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದರು.

ಬ್ಯಾಣದಮನೆ

ಮೇಷ್ಟ್ರೇ, ತಮ್ಮ ಬಗ್ಗೆ ಗೌರವವಿದೆ, ಸೀಳುನಾಯಿಯ ಬಗ್ಗೆ ಇಲ್ಲ. ನಮ್ಮ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಮೇಯುತ್ತಿದ್ದ ಎರಡು ವರ್ಷದ ಮಣಕವನ್ನು ಹಾಡಹಗಲೇ ಹಿಡಿದವು. ನಾನು ಕೂಗುತ್ತ ಓಡಿ ತಲುಪುವಷ್ಟರಲ್ಲಿ ಹಿಂಭಾಗದಿಂದ ತಿನ್ನಲು ಆರಂಭಿಸಿದ್ದವು, ಮಣಕ ಇನ್ನೂ ನಿಂತೇ ಇತ್ತು, ನನ್ನ ಕಡೆ ನೋಡುತ್ತಿತ್ತು. ಅದನ್ನು ಕಂಡ ಮೇಲೆ ಮುಯ್ಯಾಳಿನ ಹೋಲಿಕೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮರಿಗೆ ಮೊದಲು ಕೊಡುವುದು ಒಳ್ಳೆಯ ಗುಣವೇ. ಕೊಡುವ ತುತ್ತು ಯಾರದ್ದು ಎಂಬುದನ್ನೂ ಬರೆಯಬೇಕು.

ಲಕ್ಕವಳ್ಳಿ ವಾಚರ್

ನಿಮ್ಮ ಸಂಕಟ ಅರ್ಥವಾಗುತ್ತದೆ. ಕಾರಣ ಹೇಳಿದರೆ ಮಣಕ ಬರುವುದಿಲ್ಲ, ಆದರೂ ಹೇಳುತ್ತೇನೆ. ಹುಲಿ, ಚಿರತೆಗಳು ಕುತ್ತಿಗೆ ಹಿಡಿದು ಉಸಿರು ಕಟ್ಟಿಸುತ್ತವೆ. ಅದಕ್ಕೆ ಬೇಕಾದ ತೂಕ, ದವಡೆ, ಒಳಗೆ ಎಳೆದುಕೊಳ್ಳುವ ಉಗುರು ಅವಕ್ಕಿವೆ. 15 ಕಿಲೋದ ಸೀಳುನಾಯಿಗೆ ಅದು ಯಾವುದೂ ಇಲ್ಲ. ಜೊತೆಗೆ ಹುಲಿ ಬಂದರೆ ಕಸಿದುಕೊಳ್ಳುತ್ತದೆ, ಆದ್ದರಿಂದ ಅವಸರ. ನೋಡುವವರಿಗೆ ಕ್ರೌರ್ಯ, ಅದಕ್ಕೆ ಗಡಿಯಾರ.

ಬಯಲುಸೀಮೆಯ ಅಳಿಯ

ಚಿತ್ರದುರ್ಗದ ಕಡೆಯವನು, ತೀರ್ಥಹಳ್ಳಿಯ ಅಳಿಯ. ತೋಳ ಮಲೆನಾಡಿನದಲ್ಲ, ನಮ್ಮ ಕಡೆಯದು. ಅದರ ಪರವಾಗಿ ಮಾತನಾಡಲು ಇಲ್ಲಿ ನಾನೊಬ್ಬನೇ ಇರಬಹುದು.

ಗುಮಾಸ್ತರ ಹಾಳೆಯಲ್ಲಿ ತೋಳದ ಮುಂದೆ ಆಲ್ಫಾ, ಅಂದರೆ ಹಿಂಡಿನ ಒಡೆಯ, ಎಂಬ ಪದ ಇದ್ದೇ ಇರುತ್ತದೆ. ಆ ಪದದ ಕಥೆ ವಿಚಿತ್ರವಾಗಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬುವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳವನ್ನು ನೋಡಿ, ಹಿಂಡಿನಲ್ಲಿ ಕಾದಾಡಿ ಮೇಲೇರಿದ ಒಂದು ಒಡೆಯ ಇರುತ್ತದೆ ಎಂಬ ತೀರ್ಮಾನಕ್ಕೆ ಬಂದರು. 1970ರಲ್ಲಿ ಅಮೆರಿಕದ ಡೇವಿಡ್ ಮೀಚ್ ತಮ್ಮ ಪುಸ್ತಕದಲ್ಲಿ ಅದನ್ನು ಲೋಕಕ್ಕೆಲ್ಲ ಹರಡಿದರು. ಅದೇ ಮೀಚ್ ಮುಂದೆ ಕೆನಡಾದ ಉತ್ತರದ ಹಿಮದ್ವೀಪದಲ್ಲಿ ಕಾಡುತೋಳಗಳ ಜೊತೆ ಹಲವು ಬೇಸಿಗೆ ಕಳೆದು, 1999ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಕಾಡಿನ ಹಿಂಡೆಂದರೆ ಹೆಚ್ಚಾಗಿ ಅಪ್ಪ, ಅಮ್ಮ, ಅವರ ಒಂದೆರಡು ವರ್ಷದ ಮಕ್ಕಳು. ಒಡೆತನ ಗೆದ್ದುಕೊಂಡದ್ದಲ್ಲ, ಹೆತ್ತದ್ದರಿಂದ ಬಂದದ್ದು. ಒಂದಕ್ಕೊಂದು ಸಂಬಂಧವಿಲ್ಲದವರನ್ನು ಒಂದು ಕೋಣೆಯಲ್ಲಿ ಕೂಡಿ ಬಾಗಿಲು ಹಾಕಿದರೆ ಏನಾಗುತ್ತದೋ ಅದನ್ನು ತೋಳದ ಸ್ವಭಾವ ಎಂದು ಅರ್ಧ ಶತಮಾನ ನಂಬಿದೆವು. ನನಗೆ ಅದು ಹಾಸ್ಟೆಲಿನ ಸ್ವಭಾವದಂತೆ ಕಾಣುತ್ತದೆ.

ನಮ್ಮ ಮಾವ ಅಂಥ ತೋಳ. ಊಟದ ಎಲೆಯ ಮುಂದೆ ಗದರುವುದು ಅವರೊಬ್ಬರೇ, ಆದರೆ ಯಾರೂ ಹೆದರುವುದಿಲ್ಲ, ಎಲ್ಲರೂ ಎದ್ದ ಮೇಲೆ ದನಗಳಿಗೆ ನೀರು ಕುಡಿಸಿದ್ದೀರಾ ಎಂದು ಕೇಳುವವರೂ ಅವರೇ.

ಆಗುಂಬೆ ಮಳೆ

ಕಾಲಿದ್ದವರಷ್ಟೇ ಬೇಟೆಗಾರರೇ? ನಮ್ಮೂರಿನ ಕಾಡಿನಲ್ಲಿ ಹಾವನ್ನು ತಿನ್ನುವ ಹಾವು ಇದೆ, ಕಾಳಿಂಗ. 2005ರಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದೂ ಅದರ ಮೋಹದಿಂದಲೇ. 2024ರಲ್ಲಿ ವಿಜ್ಞಾನಿಗಳು ಕಾಳಿಂಗಗಳೆಲ್ಲ ಒಂದೇ ಪ್ರಭೇದವಲ್ಲ, ನಾಲ್ಕು ಎಂದು ಬಿಡಿಸಿದಾಗ ಪಶ್ಚಿಮ ಘಟ್ಟದ ಹಾವಿಗೆ ನಮ್ಮ ಕನ್ನಡದ ಹೆಸರನ್ನೇ ಉಳಿಸಿದರು: ಓಫಿಯೋಫೇಗಸ್ ಕಾಳಿಂಗ.

ಮಳೆಗಾಲ ಹಿಡಿಯುವ ಮೊದಲು ಹೆಣ್ಣು ಕಾಳಿಂಗ ತರಗೆಲೆಯನ್ನು ಮೈಯ ಸುರುಳಿಯಿಂದ ಬಳಿದು ಗುಡ್ಡೆ ಹಾಕಿ ಗೂಡು ಮಾಡುತ್ತದೆ. ಹೀಗೆ ಗೂಡು ಕಟ್ಟುವ ಹಾವು ಬೇರೆ ಇಲ್ಲ. ನಮ್ಮ ತೋಟದ ತಲೆಯಲ್ಲಿ, ಬಿದಿರುಮೆಳೆಯ ಬುಡದಲ್ಲಿ ಒಂದು ಗೂಡು ಆಗಿತ್ತು. ನೋಡಿದರೆ ಯಾರೋ ದರಗು ಗುಡಿಸಿ ರಾಶಿ ಮಾಡಿದ ಹಾಗಿತ್ತು. ನಮ್ಮ ಆಳು ಅದನ್ನು ಬುಟ್ಟಿಗೆ ತುಂಬಲು ಹೊರಟಿದ್ದ. ಆಗ ಅದರ ಮೇಲಿನಿಂದ ಹಾವು ಎದ್ದು ನಿಂತಿತು, ಅವನ ಎದೆಯ ಮಟ್ಟಕ್ಕೆ. ಬುಸುಗುಟ್ಟಿದ್ದು ಹಾವಿನ ಸದ್ದಿನಂತೆ ಇರಲಿಲ್ಲ, ನಾಯಿ ಗಂಟಲೊಳಗೆ ಗುರುಗುಟ್ಟಿದಂತೆ ಇತ್ತು ಎಂದು ಅವನು ಇಂದಿಗೂ ಹೇಳುತ್ತಾನೆ. ಅವನು ಬುಟ್ಟಿ ಅಲ್ಲೇ ಬಿಟ್ಟು ಹಿಂದೆ ಹಿಂದೆ ನಡೆದ, ಅದು ಬೆನ್ನಟ್ಟಲಿಲ್ಲ. ವಾರಗಟ್ಟಲೆ ಜಡಿಮಳೆಯಲ್ಲಿ ಅದು ಗೂಡು ಕಾಯಿತು. ಮೊಟ್ಟೆ ಒಡೆಯುವ ಮುನ್ನ, ಆ ಜಾತಿಯ ತಾಯಂದಿರೆಲ್ಲ ಮಾಡುವಂತೆ, ಹೊರಟುಹೋಯಿತು. ಮರಿಗಳು ತಾಯಿಯನ್ನು ನೋಡುವುದೇ ಇಲ್ಲ.

ಗಂಡುಗಳ ಜಗಳವೂ ಹೇಳುವಂಥದ್ದು. ಎರಡು ಗಂಡುಗಳು ಹೆಣೆದುಕೊಂಡು, ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಲು ನೋಡುತ್ತವೆ, ಕಚ್ಚುವುದಿಲ್ಲ. ಸೋತದ್ದು ಜಾಗ ಬಿಡುತ್ತದೆ. ಆನೆಯನ್ನೂ ಕೊಲ್ಲಬಲ್ಲದೆಂದು ಹೇಳುವ ವಿಷ ಬಾಯಲ್ಲೇ ಉಳಿಯುತ್ತದೆ. ಈ ಸ್ವಭಾವ ನಮ್ಮ ಸೋದರತ್ತೆಯದು. ಗಂಡ ಸತ್ತ ಮೇಲೆ ಮೂರು ಮಕ್ಕಳನ್ನು ಸಾಕಿದರು. ತಕರಾರಿಗೆ ಬಂದವರೆದುರು ಅಂಗಳದ ದಣಪೆಯ ಬಳಿ ನಿಂತು ಒಮ್ಮೆ ಮಾತ್ರ ಎಚ್ಚರಿಸುತ್ತಿದ್ದರು. ಮಕ್ಕಳು ದುಡಿಯುವಂತಾದ ದಿನ, ಇನ್ನು ನನ್ನ ಅಗತ್ಯವಿಲ್ಲ ಎಂದು ತವರಿನ ಹಿತ್ತಿಲ ಕೋಣೆಗೆ ಬಂದುಬಿಟ್ಟರು. ನಾವೆಲ್ಲ ಅವರನ್ನು ಕಲ್ಲುಮನಸ್ಸು ಎಂದೆವು. ಈಗ ಹಾಗೆನ್ನಿಸುವುದಿಲ್ಲ.

ಮನಶ್ಶಾಸ್ತ್ರದ ವಿದ್ಯಾರ್ಥಿನಿ

ಹಿರಿಯ ಹೆಂಗಸರ ಮಾತು ಬಂದದ್ದರಿಂದ ಸಮುದ್ರದ ಒಂದು ಉದಾಹರಣೆ. ಓರ್ಕಾ ತಿಮಿಂಗಿಲಗಳಲ್ಲಿ ಹೆಣ್ಣುಗಳು ನಲವತ್ತರ ಸುಮಾರಿಗೆ ಹೆರುವುದನ್ನು ನಿಲ್ಲಿಸಿ ಆಮೇಲೂ ದಶಕಗಳ ಕಾಲ ಬದುಕುತ್ತವೆ. ಸಾಲ್ಮನ್ ಮೀನು ಕಡಿಮೆಯಾದ ವರ್ಷಗಳಲ್ಲಿ ಗುಂಪಿನ ಮುಂದೆ ಈಜುವವು ಈ ಅಜ್ಜಿಯರೇ ಎಂದು 2015ರ ಅಧ್ಯಯನ ತೋರಿಸಿತು. ಕ್ಷಾಮದ ವರ್ಷ ಯಾವ ಕಾನಿನಲ್ಲಿ ಯಾವ ಗೆಡ್ಡೆ ಸಿಗುತ್ತದೆ ಎಂದು ನೆನಪಿಟ್ಟಿದ್ದ ನಮ್ಮ ಮುತ್ತಜ್ಜಿಯ ಬಗ್ಗೆ ಮನೆಯಲ್ಲಿ ಕೇಳಿದ್ದೇನೆ.

ಆದರೆ ನನ್ನ ಮುಖ್ಯ ತಕರಾರು ಬೇರೆ. ಇಲ್ಲಿ ಎಲ್ಲರೂ ಹುಲಿ ಹೀಗೆ, ಚಿರತೆ ಹಾಗೆ ಎಂದು ಜಾತಿಗೊಂದು ಸ್ವಭಾವ ಹಂಚುತ್ತಿದ್ದೀರಿ. ಒಂದೇ ಜಾತಿಯೊಳಗೂ ಸ್ವಭಾವಗಳು ಬೇರೆ ಬೇರೆ. ಸ್ಯಾಮ್ಯುಯೆಲ್ ಗಾಸ್ಲಿಂಗ್ 1998ರಲ್ಲಿ 34 ಚುಕ್ಕೆ ಕತ್ತೆಕಿರುಬಗಳನ್ನು ಅವುಗಳನ್ನು ಚೆನ್ನಾಗಿ ಬಲ್ಲವರಿಂದ ಅಳೆಯಿಸಿದಾಗ ಗಟ್ಟಿತನ, ಉದ್ವೇಗ, ಕುತೂಹಲ ಮೊದಲಾದ ಐದು ಗುಣಗಳು ಒಂದೊಂದರಲ್ಲೂ ಬೇರೆ ಬೇರೆ ಪ್ರಮಾಣದಲ್ಲಿ ಇದ್ದವು. 2023ರಲ್ಲಿ ಚೀನಾದಲ್ಲಿ ಸಾಕಿದ 248 ಅಮೂರ್ ಹುಲಿಗಳನ್ನು ಅವುಗಳ ಪಾಲಕರು ಅಳೆದಾಗ ಎರಡು ಮುಖ್ಯ ಗುಣಗಳು ಹೊರಬಂದವು. ಸಂಶೋಧಕರು ಒಂದನ್ನು ಗಾಂಭೀರ್ಯ ಎಂದೂ ಇನ್ನೊಂದನ್ನು ಸ್ಥಿರತೆ ಎಂದೂ ಕರೆದರು. ಗಂಭೀರವಲ್ಲದ ಹುಲಿಯೂ ಅವುಗಳಲ್ಲಿತ್ತು ಎಂಬುದನ್ನು ಗಮನಿಸಬೇಕು. ಹಾಗಾಗಿ ನೀವು ಹುಲಿ ಎಂದರೆ, ಯಾವ ಹುಲಿ ಎಂದು ಸಾಗರದ ಅಕ್ಕನ ಪ್ರಶ್ನೆಯನ್ನೇ ನಾನೂ ಕೇಳುತ್ತೇನೆ.

ಬ್ಯಾಣದಮನೆ

ನಿಮ್ಮ ತಕರಾರಿಗೆ ನನ್ನದೂ ಒಂದು ಸೇರಲಿ. ದೊಡ್ಡಪ್ಪನ ತಾಳ್ಮೆ, ಅತ್ತೆಯ ಗಟ್ಟಿತನ, ಅಮ್ಮನ ದುಡಿಮೆ, ಇವನ್ನೆಲ್ಲ ಪ್ರಾಣಿಗಳಲ್ಲಿ ಹುಡುಕಿದ್ದಾಯಿತು. ಎಲ್ಲರ ಮನೆಯಲ್ಲೂ ಇರುವ ಇನ್ನೊಂದು ಸ್ವಭಾವಕ್ಕೆ ಯಾರೂ ಪ್ರಾಣಿ ಹುಡುಕಲಿಲ್ಲ. ವಾಚರ್ ಅವರು ಹುಲಿ ಬಂದರೆ ಕಸಿದುಕೊಳ್ಳುತ್ತದೆ ಎಂದು ಅರ್ಧ ಸಾಲಿನಲ್ಲಿ ಹೇಳಿ ದಾಟಿದರು. ನಾನು ಅಲ್ಲೇ ನಿಂತೆ.

ಹನ್ನೊಂದು ವರ್ಷದ ಹಿಂದೆ ನಮ್ಮ ದಾಯಾದಿಯ ಮನೆಯಲ್ಲಿ ಗಂಡಸರು ಯಾರೂ ಇಲ್ಲದ ಹೊತ್ತಿನಲ್ಲಿ ನಾನು ಬ್ಯಾಣದ ಬೇಲಿಯನ್ನು ಆಚೆಗೆ ಸರಿಸಿದೆ. ಹೆಚ್ಚಿಲ್ಲ, ಒಂದು ಕಡೆ ಎಂಟು ಮಾರು, ಇನ್ನೊಂದು ಕಡೆ ನಾಲ್ಕು. ಜಗಳವಾಗಲಿಲ್ಲ, ನಾನು ದೊಡ್ಡವನು, ಅವರು ಸುಮ್ಮನಾದರು. ಸೀಳುನಾಯಿ ಹಿಡಿದ ಮಣಕ ಮೇಯುತ್ತಿದ್ದದ್ದು ಆ ಎಂಟು ಮಾರಿನಲ್ಲೇ. ಸತ್ತ ಪ್ರಾಣಿಯ ಬಳಿ ನಿಂತು ಕ್ರೌರ್ಯದ ಬಗ್ಗೆ ನಾನು ಕೂಗಾಡಿದ್ದು ಅವರ ನೆಲದಲ್ಲಿ. ಇದಕ್ಕೆ ಯಾವ ಪ್ರಾಣಿ? ಹುಲಿ ಎಂದರೆ ನನಗೆ ಅದು ಬಿರುದಿನ ಹಾಗೆ ಕೇಳಿಸುತ್ತದೆ, ಆದ್ದರಿಂದ ಕೇಳುತ್ತಿದ್ದೇನೆ.

ಲಕ್ಕವಳ್ಳಿ ವಾಚರ್

ಹುಲಿಯೇ. ಬಿರುದು ಎಂದುಕೊಳ್ಳಬೇಡಿ. ಚಿರತೆ ತನ್ನ ಬೇಟೆಯನ್ನು ಮರದ ಕವೆಗೆ ಎಳೆದುಕೊಂಡು ಹೋಗುವುದು ಯಾರ ಕಾಟಕ್ಕೆ ಎಂದುಕೊಂಡಿದ್ದೀರಿ? ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಅಧ್ಯಯನ ಮಾಡಿದಾಗ ಮೂರು ಬೇಟೆಗಾರರೂ ಒಂದೇ ಕಾಡಿನಲ್ಲಿ ಬದುಕುವುದಕ್ಕೆ ಒಂದು ಕಾರಣ ಕಂಡಿತು: ಹುಲಿ ಕಾಟಿಯಂಥ ದೊಡ್ಡ ಪ್ರಾಣಿಗೆ ಹೋದರೆ, ಚಿರತೆ ಮತ್ತು ಸೀಳುನಾಯಿ ಜಿಂಕೆಯಂಥ ನಡುಗಾತ್ರದವಕ್ಕೆ ಹೋಗುತ್ತವೆ. ದೊಡ್ಡದು ದೊಡ್ಡದನ್ನು ತಿಂದು ಬದುಕುವಷ್ಟು ಕಾಡು ತುಂಬಿದ್ದರೆ ಚಿಕ್ಕವಕ್ಕೂ ಉಳಿಯುತ್ತದೆ, ಇಲ್ಲವಾದರೆ ಕಸಿಯುವುದು ಹೆಚ್ಚುತ್ತದೆ.

ಗಡಿಯ ವಿಷಯಕ್ಕೆ ಬಂದರೆ, ಹುಲಿ ಮರದ ಬುಡಕ್ಕೆ ಮೂತ್ರ ಚಿಮ್ಮಿಸಿ, ತೊಗಟೆ ಕೆರೆದು ಗುರುತು ಮಾಡುತ್ತದೆ. ನಮ್ಮ ಮಳೆಗೆ ಆ ವಾಸನೆ ಎಷ್ಟು ದಿನ ನಿಲ್ಲುತ್ತದೆ? ಮತ್ತೆ ಮತ್ತೆ ಅದೇ ಮರಕ್ಕೆ ಬರಬೇಕು. ಬರುವುದು ನಿಂತರೆ ಪಕ್ಕದ ಹುಲಿ ಬಂದು ಮೂಸಿ ನೋಡಿ ಒಳಗೆ ಕಾಲಿಡುತ್ತದೆ. ನಿಮ್ಮ ಬೇಲಿಯಂತೆ ಹನ್ನೊಂದು ವರ್ಷ ಸುಮ್ಮನೆ ನಿಲ್ಲುವ ಗಡಿ ಅದಕ್ಕಿಲ್ಲ.

ಸಾಗರದ ಸೊಸೆ

ಬ್ಯಾಣದಮನೆಯವರೇ, ಬರೆದದ್ದನ್ನು ಅಳಿಸಬೇಡಿ. ನಮ್ಮ ಮನೆಯಲ್ಲಿ ಇದನ್ನು ಗಟ್ಟಿಯಾಗಿ ಓದಿದೆ. ಮೂವತ್ತು ಎಕರೆಯವರು ಎದ್ದು ಅಡಿಕೆ ಒಣಗಿಸುವ ಅಂಗಳಕ್ಕೆ ಹೋದರು, ಇನ್ನೂ ಬಂದಿಲ್ಲ.

ಬ್ಯಾಣದಮನೆ

ನಿನ್ನೆ ಸಂಜೆ ದಾಯಾದಿಯ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟರು. ಬೇಲಿಯ ಮಾತನ್ನು ನಾನು ಎತ್ತುವವರೆಗೆ ಅವರು ಎತ್ತಲಿಲ್ಲ. ದೀಪಾವಳಿ ಕಳೆದು ನೆಲ ಆರಿದ ಮೇಲೆ ಇಬ್ಬರೂ ನಿಂತು ಹಳೆಯ ಗಡಿಕಲ್ಲನ್ನು ಹುಡುಕಿ ಅಲ್ಲಿಗೆ ಬೇಲಿ ಹಾಕುವುದೆಂದು ಮಾತಾಯಿತು. ಎರಡು ಗಂಡುಹುಲಿಗಳು ಜೊತೆಯಾಗಿ ಒಂದು ಗಡಿಯನ್ನು ಗುರುತು ಮಾಡಿದ್ದನ್ನು ವಾಚರ್ ಅಣ್ಣ ಕಂಡಿದ್ದಾರೆಯೇ?

ಲಕ್ಕವಳ್ಳಿ ವಾಚರ್

ಮೂವತ್ತು ವರ್ಷದಲ್ಲಿ ಕಂಡಿಲ್ಲ.

ಹೊಸನಗರದ ಗುಮಾಸ್ತ

ತರಬೇತಿಯ ಹಾಳೆಯ ಹಿಂಬದಿಯಲ್ಲಿ ಇಲ್ಲಿನ ಹೋಲಿಕೆಗಳನ್ನೆಲ್ಲ ಬರೆದುಕೊಂಡಿದ್ದೇನೆ. ಎಡಗಡೆ ಮನುಷ್ಯರು, ಬಲಗಡೆ ಪ್ರಾಣಿಗಳು. ಬ್ಯಾಣದಮನೆಯವರ ನಿನ್ನೆಯ ಸಂಜೆಯ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಇನ್ನು ಹದ್ದು ಉಳಿದಿದೆ. ನಮ್ಮ ಕಚೇರಿಯಲ್ಲಿ ಹದ್ದು ಬಂದದ್ದು ಲೆಕ್ಕ ತಪಾಸಣೆಯವರಿಗೆ. ಕರಿಹದ್ದು ಕಾಡಿನ ಮರಗಳ ನೆತ್ತಿಯನ್ನು ಸವರಿಕೊಂಡು ನಿಧಾನವಾಗಿ ಹಾರುತ್ತ ಬೇರೆ ಹಕ್ಕಿಗಳ ಗೂಡುಗಳಿಗೆ ಇಣುಕುತ್ತದೆ ಎಂದು ಓದಿದ್ದೇನೆ, ಆ ಒಂದನ್ನು ಮಾತ್ರ ತರಬೇತಿಯವರು ಸರಿಯಾಗಿ ಹೇಳಿದ್ದಾರೆ ಎನ್ನಿಸುತ್ತದೆ. ಇದನ್ನು ಹತ್ತಿರದಿಂದ ನೋಡಿದವರು ಇದ್ದರೆ ಬರೆಯಿರಿ, ಹಾಳೆಯಲ್ಲಿ ಇನ್ನೂ ಎರಡು ಸಾಲಿಗೆ ಜಾಗವಿದೆ.